ಪಾಚಿ ಸತ್ತ ಬಾವಿ

ಮೊನ್ನೆ ಭಾಲ್ಕಿ ಬಜಾರದಾಗ ಗೊಬ್ಬರದಂಗಡಿಯವ ಯಾರಿಗೋ ಮೈಲುತುತ್ತ ತೂಗಿ ಕೊಡ್ಲಾಕತ್ತಿದ್ದ. ಆ ನೀಲಿ ಹರಳು ಕಂಡಿದ್ದೇ ತಡ, ನಾ ಅಲ್ಲೇ ನಿಂತುಬಿಟ್ಟೆ. ಬೀದರದಾಗ ನಮ್ಮ ಗ್ವಾಡಿ ಆಚಿ ಮುಸಲ್ಮಾನರ ಮನಿ ಖಾಲಾ ನೆನಪಾದ್ರು, ಚಿಗವ್ವ ಅನ್ನೂ ಹಂಗ ನಾ ಅವರಿಗೆ ಖಾಲಾ ಅಂತಿದ್ದೆ...

ಆಗ ನಾ ಲಗ್ನಾಗಿ ಬಂದ ಹೊಸ ಸೊಸಿ. ಖಾಲಾನ ಗಂಡ ಬಿದ್ರಿ ಕೆಲಸದವರು. ಹೂಜಿ ಮ್ಯಾಲ ಬೆಳ್ಳಿ ತಂತಿ ಕೂಡಿಸ್ಲಾಕ ಕುಂತ್ರ ಹೊತ್ತು ಮುಳುಗಿದ್ದೂ ಗೊತ್ತಾಗ್ತಿರಲಿಲ್ಲ. ಎರಡೂ ಮನಿ ನಡುವ ಒಂದೇ ಬಾವಿ. ಮುಸುರಿ ತಿಕ್ಕಲಾಕ, ಅರಬಿ ಒಗೀಲಾಕ ಅಷ್ಟೇ ಅದರ ನೀರು. ಪಾಚಿ ಎಷ್ಟಿತ್ತಂದ್ರ, ಬಿಟ್ಟ ಕೊಡ ಕಾಣ್ತಿರಲಿಲ್ಲ.

ಪೊಲೀಸ್ ಆಕ್ಷನ್ ಆಯ್ತು, ಫೌಜು ಬಂದು ನವಾಬರ ರಾಜ್ಯ ಮುಗೀತು. ಮುಸಲ್ಮಾನರ ಮನಿ ಹೊಕ್ಕು ಲೂಟಿ ಮಾಡ್ಲಾಕತ್ತಾರಂತ ಓಣಿ ತುಂಬ ಸುದ್ದಿ. ಖಾಲಾನ ಗಂಡ ಎಲ್ಲಿಗೋ ತಪ್ಪಿಸ್ಕೊಂಡು ಹೋದ್ರು, ಖಾಲಾ ಒಬ್ಬರೇ ಉಳಿದ್ರು. ಹೋಗೋ ಮುಂದ ಗಂಡ ಉಳಿ, ಸುತ್ತಿಗಿ, ಬೆಳ್ಳಿ ತಂತಿ ಎಲ್ಲಾ ಚೀಲಕ್ಕ ತುಂಬಿ ಬಾವ್ಯಾಗ ಬಿಟ್ಟಿದ್ರು. ಅಷ್ಟು ಪಾಚ್ಯಾಗ ಯಾರಿಗೆ ಕಾಣಬೇಕು! ಗಡಿಬಿಡ್ಯಾಗ, ಕೆತ್ತೋ ಮದಲ ಪಾತ್ರಿಗೆ ಬಳಿಯೋ ಮೈಲುತುತ್ತದ ಗಂಟೂ ಅದರಾಗೇ ಹೋಗಿತ್ತು.

ಅದೇ ಘಾತ ಆಯ್ತು, ಮೈಲುತುತ್ತ ಅಂದ್ರ ಪಾಚಿಗೆ ವಿಷ. ಪಾಚಿ ಮದಲ ಹಳದಿ ಆಯ್ತು, ಆಮ್ಯಾಲ ಬಿಳಚಿ ತಳಕ್ಕ ಕೂತ್ತು. ನೀರು ದಿನಾ ತುಸು ತುಸು ತಿಳಿ ಆಗ್ಲಾಕತ್ತು. ಓಣಿ ಹೆಂಗಸ್ರಿಗೆ ಖುಷಿ, ಬಂದು ಬಂದು ಬಗ್ಗಿ ನೋಡೋರು. ಖಾಲಾ ಮಾತ್ರ ಬಾವಿ ಕಟ್ಟಿ ಬಿಟ್ಟು ಏಳ್ತಿರಲಿಲ್ಲ. ಒಂದು ಮುಂಜಾನಿ ನನ್ನ ಕೈ ಹಿಡ್ಕೊಂಡ್ರು.

"ಚೀಲ ಕಾಣ್ಲಾಕತ್ತದ ಬೇಟಿ. ಅದು ಹೋದ್ರ, ಅವರು ಬಂದು ಏನು ಹಿಡದು ದುಡೀಬೇಕು?"

ಅತ್ತಿ ಹೊರಗ ಹೋದಾಗ ನಾ ಬುಟ್ಟಿಲೆ ಕೆಂಪು ಮಣ್ಣು ಸುರುವಿ ನೀರು ರಾಡಿ ಮಾಡ್ದೆ. ಸಂಜೀಕ ಮತ್ತ ತಿಳಿ. ಮರುದಿನ ಸುರುವೂ ಮುಂದ ಅತ್ತಿ ಕೈಗೆ ಸಿಕ್ಕೆ. ಅತ್ತಿ ಬಾಯಿ ಅಂದ್ರ ಓಣಿಗೆಲ್ಲಾ ಕೇಳೂ ಬಾಯಿ. ಆಕಿ ಬಗ್ಗಿ ನೋಡಿದ್ಲು, ಚೀಲ ಕಣ್ಣಿಗೆ ಬಿತ್ತು.

"ಇಷ್ಟು ಮಣ್ಣು ಎಲ್ಲಿ ಸಾಲ್ತದ?" ಅಂದು, ಹಿತ್ತಲ ತಿಪ್ಪಿ ಬಳದು ತಂದು ತಾನೇ ಸುರುವಿದ್ಲು. ಬಾವಿ ನಾರ್ಲಾಕತ್ತು. ನೋಡ್ಲಾಕ ಬಂದೋರು ಮೂಗು ಮುಚ್ಕೊಂಡು ಹೋದ್ರು.

ಗದ್ದಲ ತಣ್ಣಗಾಯ್ತು. ಖಾಲಾನ ಗಂಡ ಬರಲಿಲ್ಲ. ಚೀಲ ತೆಗ್ಯೋಣೇನ್ರಿ ಅಂತ ನಾ ಕೇಳಿದಾಗೆಲ್ಲ, ಅವರೇ ಬಂದು ತೆಗೀಲಿ ಅನ್ನೋರು ಖಾಲಾ. ಎಂಥಾ ಹಟ ಅಂತ ನನಗ ಸಿಟ್ಟೂ ಬರ್ತಿತ್ತು. ಕಡೀಕ ಖಾಲಾನ ಅಣ್ಣ ಬಂದು ಕರ್ಕೊಂಡು ಹೋದ. ಎಲ್ಲಿಗೆ ಅಂತ ಸುದ್ದಾ ಕೇಳ್ಲಾಕ ಆಗಲಿಲ್ಲ.

ಈಗ ಆ ಬಾವಿ ಮುಚ್ಚಿ ಮ್ಯಾಲ ಯಾರೋ ಮನಿ ಕಟ್ಟ್ಯಾರ. ಚೀಲ ತೆಗದಿದ್ರ, ಗಂಡ ಬರೂದಿಲ್ಲಂತ ಒಪ್ಪಿಕೊಂಡಂಗ ಆಗ್ತಿತ್ತು. ಅದಕ್ಕ ಖಾಲಾ ತೆಗೀಲಿಲ್ಲ. ಇಷ್ಟು ತಿಳೀಲಾಕ ನನಗ ಹೋದ ವರ್ಷದ ತನಕ ಬೇಕಾಯ್ತು. ನಮ್ಮನಿಯವರು ತೀರಿ ಹೋಗಿ ವರ್ಷ ಆಯ್ತು, ಅವರ ಚಪ್ಪಲಿ ಇನ್ನಾ ಬಾಗಿಲದಾಗೇ ಅವ.