ಬರ್ಫಿನಲ್ಲಿಟ್ಟ ರಕ್ತ

ಇಜೇರಿ ಹಳ್ಳಿಯಲ್ಲಿರುವ ನನ್ನ ಅಕ್ಕನಿಗೆ, ಅಂದರೆ ಚಿಕ್ಕಮ್ಮನ ಮಗಳಿಗೆ, ಮಲ್ಟಿಪಲ್ ಸ್ಕ್ಲೆರೋಸಿಸ್ ಎಂದು ಗೊತ್ತಾದಾಗ ಅವಳು ಡಾಕ್ಟರನ್ನು ಬಿಟ್ಟು ನನ್ನನ್ನು ಹಿಡಿದುಕೊಂಡಳು. ನಾನು ಕಲಬುರಗಿಯ ಪ್ರಯೋಗಾಲಯವೊಂದರಲ್ಲಿ ಇದೇ ರೋಗದ ಮೂಲ ಹುಡುಕುವವಳು. ರೋಗಾಣುಗಳ ಮೇಲೆ ಬೀಳಬೇಕಾದ ಬಿಳಿ ರಕ್ತಕಣಗಳು ದಾರಿ ತಪ್ಪಿ, ಪಂಪಿನ ವೈರಿನ ರಬ್ಬರು ಸುಲಿದಂತೆ, ನಮ್ಮದೇ ನರಗಳ ಹೊದಿಕೆ ಸುಲಿಯುತ್ತವೆ ಎಂದು ಅವಳಿಗೆ ವಿವರಿಸಿದೆ. ಬಟ್ಟೆ ಹೊಲಿದು ಮನೆ ನಡೆಸುವ ಅವಳ ಎಡಗಣ್ಣು ಮಂಜಾಗಿತ್ತು. ಸೂಜಿ ಹಿಡಿದದ್ದು ಬೆರಳಿಗೆ ತಿಳಿಯುತ್ತಿರಲಿಲ್ಲ.

"ನನ್ನ ಮೈಗಿ ನನ್ನ ಮ್ಯಾಲೇ ಯಾಕ ಇಷ್ಟು ಸಿಟ್ಟು?" ಎಂದು ಕೇಳಿದಳು. ನಮ್ಮ ಪ್ರಯೋಗಾಲಯದ ಪ್ರಶ್ನೆಯೂ ಅದೇ. ಅದನ್ನೇ ಹುಡುಕುತ್ತಿದ್ದೇವೆ ಎಂದೆ.

ಹಾಗಿದ್ದರೆ ತನ್ನ ರಕ್ತದಲ್ಲೇ ಹುಡುಕು ಎಂದು ಹಟ ಹಿಡಿದಳು. ಅಂದು ಸಂಜೆ ಅವಳಿಗೆ ಕಲಬುರಗಿಯ ಆಸ್ಪತ್ರೆಯಲ್ಲಿ ಸ್ಟಿರಾಯ್ಡ್ ಸಲೈನ್ ಶುರುವಾಗುವುದಿತ್ತು. ಅದು ಮೈಗೆ ಸೇರಿತೆಂದರೆ ಆ ಕಣಗಳ ಆರ್ಭಟ ಅಡಗುತ್ತದೆ. ರೋಗಿಗೆ ಅದೇ ಬೇಕು, ನಮಗೆ ಮಾತ್ರ ನೋಡಲು ಏನೂ ಉಳಿಯುವುದಿಲ್ಲ. ಆದ್ದರಿಂದ ಬೆಳಿಗ್ಗೆಯೇ ಅವಳ ಮನೆಯಲ್ಲಿ ರಕ್ತ ತೆಗೆದು ಪ್ರಯೋಗಾಲಯದ ಥರ್ಮೊಕೋಲ್ ಡಬ್ಬಿಯಲ್ಲಿಟ್ಟೆ. ಅಕ್ಕ, ಅವಳ ಗಂಡ, ನಾನು ಒಂದೇ ಜೀಪಿನಲ್ಲಿ ಹೊರಟೆವು. ಜೇವರ್ಗಿ ದಾಟುವಾಗ ಅವಳು, ಡಬ್ಬಿ ಅಲುಗಾಡದಂತೆ ತೊಡೆಯ ಮೇಲೆ ಇಟ್ಟುಕೋ ಎಂದು ನನಗೇ ಬುದ್ಧಿ ಹೇಳಿದಳು.

ಅವಳನ್ನು ಆಸ್ಪತ್ರೆಯಲ್ಲಿ ಬಿಟ್ಟು ಪ್ರಯೋಗಾಲಯಕ್ಕೆ ಬಂದು ಮುಚ್ಚಳ ತೆರೆದರೆ ಒಳಗೆಲ್ಲ ಬರ್ಫಿನ ನೀರು, ಐಸು ಕರಗಿದ್ದು. ನಾನು ಅಕ್ಕನಿಗೆ ಸೀರೆ ಉಡಿಸುತ್ತಿದ್ದಾಗ ಮಾವ, ಅಂದರೆ ಅವಳ ಗಂಡ, ಅಂಗಡಿಗೆ ಓಡಿ ಬರ್ಫ್ ತಂದು ತುಂಬಿದ್ದರು. ನಮ್ಮ ಕಡೆ ಪೋಲಿಯೊ ಹನಿಯ ಡಬ್ಬಿ ನೋಡದ ಮನೆಯಿಲ್ಲ. ಆಸ್ಪತ್ರೆಯ ಸಾಮಾನೆಂದರೆ ಬರ್ಫಿನಲ್ಲೇ ಇರಬೇಕೆಂದು ಊರಿಗೆ ಊರೇ ನಂಬಿದೆ. ಆದರೆ ನಮಗೆ ಬೇಕಾದದ್ದು ಜೀವಂತ ಕಣಗಳು, ಅವಕ್ಕೆ ಚಳಿ ಆಗದು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಗಂಟುಗಟ್ಟಿ ಬಿದ್ದಿದ್ದವು.

ನನ್ನದು ಮೊದಲೇ ಮುಂಗೋಪ. ಕೂಗಾಡಬೇಕೆಂದೇ ಮಾವನಿಗೆ ಫೋನ್ ಹಚ್ಚಿ, ಬರ್ಫ್ ಯಾಕೆ ಹಾಕಿದಿರಿ ಎಂದು ಕೇಳಿದೆ.

"ಖರಾಬ್ ಆಗಬಾರದಂತ ಇಟ್ಟಿದ್ದೆ, ತಂಗಿ" ಎಂದರು. ನನ್ನ ಕೋಪ ಜರ್ರನೆ ಇಳಿಯಿತು, ಅವರ ಬಗ್ಗೆ ಅಯ್ಯೋ ಅನಿಸಿತು. ಅಷ್ಟರಲ್ಲಿ ಅಕ್ಕನಿಗೆ ಸಲೈನ್ ಹನಿಯತೊಡಗಿತ್ತು, ಮತ್ತೆ ರಕ್ತ ತೆಗೆದು ಉಪಯೋಗವಿರಲಿಲ್ಲ.

ಆಸ್ಪತ್ರೆಗೆ ಹೋದಾಗ ಮಾವ ವರಾಂಡದಲ್ಲಿ ಗೋಡೆ ನೋಡುತ್ತ ನಿಂತಿದ್ದರು. ಅಕ್ಕನಿಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ, ಇದ್ದದ್ದನ್ನು ಹೇಳಿದೆ. ಅವಳು ಸೂಜಿ ಚುಚ್ಚದ ಕೈಯಿಂದ ನನ್ನ ಕೈ ಹಿಡಿದಳು.

"ಅವರಿಗೇನೂ ಅನಬ್ಯಾಡ. ಮುಂದಿನ ಸಲ ಕಣ್ಣು ಮಂಜಾತಂದ್ರ ಡಾಕ್ಟರಿಗಿಂತ ಮೊದ್ಲ ನಿನಗೇ ಫೋನ್ ಹಚ್ತೇನಿ, ಆವಾಗ ರಕ್ತ ತಗೋ."

ಈ ರೋಗ ತಿರುಗಿ ಬರುವಂಥದ್ದೆಂದು ಅವಳಿಗೆ ತಿಳಿಸಿದವಳು ನಾನೇ. ಹೂಂ ಎಂದೆ. ಆ ರಕ್ತ ನನಗೆ ಎಂದೂ ಸಿಗದಿರಲಿ ಎಂದು ಮನಸ್ಸು ಬೇಡಿಕೊಳ್ಳುತ್ತಿತ್ತು.