ಗೌರಿಗೆ ಬಿದ್ದ ಪೆಟ್ಟು, ನನ್ನ ನೋಟ್‌ಬುಕ್ಕು

ನಿಜಾಮನ ಆಳ್ವಿಕೆ ಮುಗಿಸಿದ ಪೊಲೀಸ್ ಆಕ್ಷನ್ ಆಗಿ ನಾಲ್ಕು ವರ್ಷ ಕಳೆದಿತ್ತು. ಬೀದರ್ ಇನ್ನೂ ಹೈದರಾಬಾದ್ ರಾಜ್ಯದಲ್ಲಿತ್ತು. ಅಲ್ಲಿನ ಶಿಕ್ಷಕಿಯರ ತರಬೇತಿ ಶಾಲೆಯಲ್ಲಿ ನಾನು ಮನಃಶಾಸ್ತ್ರ ಕಲಿಸುತ್ತಿದ್ದೆ. ಮನೋವಿಶ್ಲೇಷಣೆ, ಅಂದರೆ ಮನಸ್ಸು ತನಗೇ ಗೊತ್ತಿಲ್ಲದೆ ಬಚ್ಚಿಟ್ಟ ಆಸೆಗಳನ್ನು ಮಾತಿನಲ್ಲಿ, ಹಾಡಿನಲ್ಲಿ ಹುಡುಕುವ ವಿದ್ಯೆ, ಆಗಷ್ಟೇ ತಲೆಗೇರಿತ್ತು. ಹೆಂಗಸರ ಬೀಸುವ ಪದಗಳಲ್ಲಿ ಗೌರಿ ಗಂಡನ ಪೆಟ್ಟು ತಿಂದೂ ಅವನ ಕಾಲೊತ್ತುತ್ತಾಳಲ್ಲ. ಹೆಣ್ಣಿನ ಒಳಮನಸ್ಸಿಗೆ ಶರಣಾಗತಿಯೇ ಸುಖ ಎಂದು ಪ್ರಬಂಧ ಬರೆಯಲು ಹೊರಟಿದ್ದೆ. ಬೀಸುವ ಕಲ್ಲನ್ನು ಒಂದು ದಿನವೂ ತಿರುಗಿಸದವಳಿಗೆ ಧೈರ್ಯಕ್ಕೇನು ಕೊರತೆ!

ಪದ ಬರೆದುಕೊಳ್ಳಲೆಂದು ರೈಲಿನಲ್ಲಿ ಭಾಲ್ಕಿಗೆ ಹೋಗಿ, ಅಲ್ಲಿಂದ ಎತ್ತಿನ ಚಕ್ಕಡಿ ಹಿಡಿದು ಭಾತಂಬ್ರಾ ಹಳ್ಳಿ ಸೇರಿದೆ. ಔರಾದ್ ಕಡೆಯಿಂದ ಮದುವೆಯಾಗಿ ಬಂದ ಕಾಶಮ್ಮ ಜೋಳ ಬೀಸುತ್ತಿದ್ದಳು. ಅತ್ತೆ ಎದುರಿಗೇ ಕೂತಿದ್ದಳು. ನಾನು ಕಾಯುತ್ತಿದ್ದ ಪದವನ್ನೇ ಕಾಶಮ್ಮ ಎತ್ತಿಕೊಂಡಳು. ಗೌರಿಗೆ ಪೆಟ್ಟು ಬಿತ್ತು, ಗೌರಿ ಗಂಡನ ಪಾದ ಒತ್ತಿದಳು. ಕಾಶಮ್ಮ ಎಡಗೈಯೊಂದರಲ್ಲೇ ಕಲ್ಲು ತಿರುಗಿಸುತ್ತಿದ್ದಳು. ನಾನು ಖುಷಿಯಿಂದ 'ಲಯ ನಿಧಾನ' ಎಂದು ಬರೆದುಕೊಂಡೆ.

ಆ ಸಾಲು ಮೂರನೇ ಸಲ ಬರುವಷ್ಟರಲ್ಲಿ ಪಕ್ಕದ ಮನೆಯ ಮುದುಕಿ ಗುರವ್ವ ಹಿಟ್ಟು ಸೋಸುವ ಸಾಣಿಗೆ ಕೇಳುತ್ತಾ ಒಳಗೆ ಬಂದಳು. ಹಿಂದೆ ಇನ್ನೂ ಮೂವರು. ಎಲ್ಲರಿಗೂ ಅದೇ ಸಾಣಿಗೆ ಬೇಕಿತ್ತು. ಸಾಣಿಗೆ ಸಿಕ್ಕಮೇಲೂ ಯಾರೂ ಏಳಲಿಲ್ಲ. ಗುರವ್ವ ಕಾಶಮ್ಮನ ಸೆರಗು ಸರಿಸಿದಳು. ಬಲಗೈ ಮೊಣಕೈವರೆಗೆ ಬಾತಿತ್ತು. ಗಂಡ ಹೊಲದಿಂದ ಬಂದಾಗ ನಾಲ್ವರೂ ಬಾಗಿಲಲ್ಲೇ ಕೂತು ಅವನನ್ನು ಚೆನ್ನಾಗಿ ವಿಚಾರಿಸಿಕೊಂಡರು. ಮರುದಿನವೇ ಕಾಶಮ್ಮ ತವರಿಗೆ ಹೋಗುವುದು, ಇನ್ನು ಕೈ ಎತ್ತುವುದಿಲ್ಲವೆಂದು ಅವನು ಹಿರಿಯರೆದುರು ಮಾತು ಕೊಟ್ಟಮೇಲೆಯೇ ಮರಳುವುದು ಎಂದು ತೀರ್ಮಾನವಾಯಿತು.

ಇವಳಿಗೆ ಹೊಡೆತ ಬಿದ್ದದ್ದು ಹೇಗೆ ಗೊತ್ತಾಯಿತೆಂದು ಗುರವ್ವನನ್ನು ಕೇಳಿದೆ.

"ಅತ್ತಿ ಮುಂದ ಬಾಯಿಬಿಟ್ಟು ಹೇಳ್ಲಿಕ್ಕ ಆಗ್ತದೇನ್ರಿ? ಗೌರಿಗಿ ಪೆಟ್ಟು ಬಿತ್ತು ಅಂತ ಮೂರು ಸಲ ಹಾಡಿದ್ರ ನಾವು ಹೋಗಬೇಕ್ರಿ. ನೀವು ಬಾಜೂಕೇ ಕುಂತಿದ್ರಿ, ಏನ್ ಮಾಡ್ಲತ್ತಿದ್ರಿ ಅಕ್ಕೋರ?"

ಬರೆದುಕೊಳ್ಳುತ್ತಿದ್ದೆ ಎಂದೆ. ನಾಲ್ವರೂ ಹೊಟ್ಟೆ ಹಿಡಿದು ನಕ್ಕರು. ನನಗೆ ನಿಜಕ್ಕೂ ನಾಚಿಕೆಯಾಯಿತು.

ಬೀದರ್‌ಗೆ ಮರಳಿದವಳೇ ಪ್ರಬಂಧ ಹರಿದು ಹಾಕಿದೆ. ಹಾಡುವವಳ ಒಳಮನಸ್ಸಿಗೆ ಇಳಿಯುವ ಮೊದಲು ಹಾಡು ಯಾರ ಕಿವಿಗೆ ಎಂದು ನೋಡಬೇಕು. ನಿವೃತ್ತಿಯವರೆಗೂ ನನ್ನ ಶಿಷ್ಯೆಯರಿಗೆ ಮೊದಲ ಪಾಠ ಇದೇ ಆಗಿತ್ತು.

ಮರುವರ್ಷ ಮತ್ತೆ ಭಾತಂಬ್ರಾಕ್ಕೆ ಹೋದೆ. ಕಾಶಮ್ಮ ಎರಡೂ ಕೈಯಲ್ಲಿ ಕಲ್ಲು ತಿರುಗಿಸುತ್ತಿದ್ದಳು. ಅವಳ ಪದದಲ್ಲಿ ಗೌರಿ ಕಟ್ಟೆಯ ಮೇಲೆ ಕಾಲು ಚಾಚಿ ಕೂತು ಗಂಡನಿಂದ ಬಾವಿಯ ನೀರು ತರಿಸಿದಳು. ನಾನು ಬಾಯಿ ತೆರೆದು ಕೇಳುತ್ತ ಕೂತಿದ್ದೆ. ಅವಳು ಕಲ್ಲು ನಿಲ್ಲಿಸಿ ನೋಟ್‌ಬುಕ್ಕಿದ್ದ ನನ್ನ ಚೀಲದ ಕಡೆ ಕೈ ತೋರಿಸಿದಳು.

"ಇದು ಬರಕೋರಿ, ಅಕ್ಕೋರ."