ಜಗಳ ನಿಂತ ಭಾನುವಾರ

ಕೊಡಿಗೇಹಳ್ಳಿಯ ಮಂಜಣ್ಣನವರ ತಾರಸಿ ಕೋಣೆಯಲ್ಲಿ ಎರಡು ದೊಡ್ಡ ಸ್ಪೀಕರುಗಳಿವೆ. ಏರ್‌ಪೋರ್ಟ್ ರಸ್ತೆಯ ಧೂಳು ಕೂರದಿರಲೆಂದು ಅವರ ತಾಯಿ ಎರಡಕ್ಕೂ ಹಳೆಯ ದಿಂಬಿನ ಕವರು ತೊಡಿಸಿದ್ದಾರೆ. ಒಂದರ ಮೇಲೆ ಕಸೂತಿಯ ಗಿಳಿ, ಇನ್ನೊಂದರ ಮೇಲೆ ಅದೇ ಹಸಿರು ದಾರದಲ್ಲಿ ‘ಶುಭರಾತ್ರಿ’. ಭಾನುವಾರ ಬೆಳಿಗ್ಗೆ ತಿಂಡಿ ಮುಗಿಸಿ, ಮಂಜಣ್ಣ ಗಿಳಿಯನ್ನೂ ಶುಭರಾತ್ರಿಯನ್ನೂ ಕಳಚಿ ಮಡಿಸಿಟ್ಟರೆಂದರೆ, ಮಿತ್ರರೇ, ಕಿಟಕಿಯ ಗಾಜು ಅದುರುವಂಥ ಗಿಟಾರಿನ ಮೊರೆತ ಹೊರಡುತ್ತದೆ. ಅದರ ಹಿಂದೆಯೇ ನಮ್ಮ ಜಗಳವೂ ಹೊರಡುತ್ತದೆ.

ಅಮೆರಿಕದ ವಾಯವ್ಯ ಮೂಲೆಯ ಮಳೆಯೂರೊಂದರಲ್ಲಿ ಬೆಳೆದು, ತೊಂಬತ್ತರ ದಶಕದಲ್ಲಿ ಲೋಕವನ್ನೆಲ್ಲ ವ್ಯಾಪಿಸಿದ ಈ ಸಂಗೀತಕ್ಕೆ ಗ್ರಂಜ್ ಎನ್ನುತ್ತಾರೆ. ಇಸ್ತ್ರಿ ಕಾಣದ ಚೌಕಳಿ ಅಂಗಿ ತೊಟ್ಟ ಹುಡುಗರು ಗಿಟಾರಿನ ನಾದವನ್ನು ಬೇಕೆಂದೇ ಒರಟು ಮಾಡಿ, ಪಿಸುಮಾತಿನಲ್ಲಿ ಶುರುವಾದದ್ದನ್ನು ಅರಚಾಟಕ್ಕೆ ಮುಟ್ಟಿಸುತ್ತಿದ್ದ ಕಲೆ ಅದು. ಅದರ ದಾಯಾದಿಗಳೆಲ್ಲ ಸೇರಿದ ದೊಡ್ಡ ಮನೆತನಕ್ಕೆ ಆಲ್ಟರ್ನೇಟಿವ್ ರಾಕ್ ಎಂದು ಹೆಸರು. ಬ್ಯಾಂಡುಗಳ ಹೆಸರನ್ನು ಮಾತ್ರ ನಾನಿಲ್ಲಿ ಎತ್ತುವುದಿಲ್ಲ. ಎತ್ತಿದರೆ ಓದುವ ನಿಮ್ಮಲ್ಲೇ ಎರಡು ಪಂಗಡಗಳಾಗಿ, ನನ್ನ ಕಥೆಯನ್ನು ಕೇಳುವವರು ಇಲ್ಲದಂತಾಗುತ್ತದೆ.

ಮಂಜಣ್ಣನವರದು ಊರಿನ ಹಳೆಯ ಒಕ್ಕಲು ಮನೆತನ. ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಅವರ ಬಾಡಿಗೆ ಮನೆಗಳು, ಕೆಳಗೆ ಅವರದೇ ಟೈಲ್ಸ್ ಅಂಗಡಿ. ಆರ್.ಟಿ. ನಗರದಿಂದ ಬಚ್ಚಲುಮನೆಗೆ ಟೈಲ್ಸ್ ಆರಿಸಲು ಹೋಗಿದ್ದ ನಾನು, ಒಳಗಿನಿಂದ ಕೇಳಿಬಂದ ಹಾಡಿಗೆ, “ಇವರ ಎರಡನೇ ಆಲ್ಬಮ್ ಇದಕ್ಕಿಂತ ಚೆನ್ನಾಗಿದೆ” ಎಂದು ಬಾಯಿತಪ್ಪಿ ಅಂದುಬಿಟ್ಟೆ. “ಯಾರ್ ಮೇಡಂ ನಿಮ್ಗೆ ಅಂಗಂದಿದ್ದು?” ಎಂದು ಕೈಯಲ್ಲಿದ್ದ ಟೈಲ್ಸನ್ನು ಕೆಳಗಿಟ್ಟರು ಮಂಜಣ್ಣ. ಅವತ್ತು ಹತ್ತಿದ ವಾದ ಇನ್ನೂ ಇತ್ಯರ್ಥವಾಗಿಲ್ಲ. ಆಮೇಲೊಮ್ಮೆ ನಲ್ಲಿ ಕೊಳ್ಳಲು ಬಂದ ಬಾಗಲಗುಂಟೆಯ ವಿನಯ, ನಮ್ಮಿಬ್ಬರ ಮಾತು ಕೇಳಿ, “ಇಬ್ರೂ ತಪ್ಪು ಗುರು” ಎಂದು ನಡುವೆ ಬಾಯಿ ಹಾಕಿದ. ಆ ಒಂದು ಮಾತಿಗೇ ನಮ್ಮವನಾದ.

ನಮ್ಮ ಕೂಟಕ್ಕೆ ಇರುವುದು ಒಂದೇ ಕಟ್ಟಳೆ. ಯಾವ ಆಲ್ಬಮನ್ನು ಬೈದಿರೋ ಅದನ್ನು ಮೆಚ್ಚಿದವರ ಪಕ್ಕದಲ್ಲಿ ಕೂತು, ಫೋನು ಮುಟ್ಟದೆ, ಮೊದಲಿನಿಂದ ಕೊನೆಯವರೆಗೆ ಇನ್ನೊಮ್ಮೆ ಕೇಳಬೇಕು. ಆಮೇಲೂ ಬೈಯಬಹುದು, ಅಡ್ಡಿಯಿಲ್ಲ. ಇದಕ್ಕೆ ಮಂಜಣ್ಣ ‘ಕೂರ್ಸೋದು’ ಎನ್ನುತ್ತಾರೆ. ಬೈಯಲೆಂದೇ ಕೂತು ಭಕ್ತಳಾಗಿ ಎದ್ದದ್ದೂ ನನ್ನ ಬಾಳಿನಲ್ಲಿ ಉಂಟು. ಕಚೇರಿಯಲ್ಲಿ ಮೇಲಿನವರಿಗೆ ಹೂಂಗುಟ್ಟಿ, ಮನೆಯಲ್ಲಿ ನೆಂಟರಿಷ್ಟರಿಗೆ ತಲೆಯಾಡಿಸಿ ವಾರ ಕಳೆಯುವವಳಿಗೆ, ನನ್ನ ಅಭಿಪ್ರಾಯವನ್ನು ಇಷ್ಟು ಗಂಭೀರವಾಗಿ ತೆಗೆದುಕೊಂಡು ಸಿಟ್ಟಾಗುವ ಇಬ್ಬರು ಸಿಕ್ಕಿದ್ದು ಸಾಮಾನ್ಯ ಭಾಗ್ಯವಲ್ಲ.

ಹೋದ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ನಾನು ಎದ್ದೆ, ನನ್ನ ಎಡಗಿವಿ ಏಳಲಿಲ್ಲ. ಆಸ್ಪತ್ರೆ, ಚುಚ್ಚುಮದ್ದು, ಮಾತ್ರೆ ಎಲ್ಲ ಆದಮೇಲೆ, “ಇನ್ನು ಬರೋದು ಕಷ್ಟ, ಬಲಗಿವಿ ಚೆನ್ನಾಗಿದೆಯಲ್ಲ, ಸಮಾಧಾನ ಮಾಡ್ಕೊಳ್ಳಿ” ಎಂದರು ವೈದ್ಯರು. ಸಮಾಧಾನ ಎಲ್ಲಿಂದ ಬರಬೇಕು? ಇಯರ್‌ಫೋನು ಹಾಕಿಕೊಂಡು ನೋಡಿದರೆ, ಎಷ್ಟೋ ವರ್ಷಗಳಿಂದ ಬಲ್ಲ ಹಾಡಿನಲ್ಲಿ ಎಡಗಡೆಯ ಗಿಟಾರು ಬಾಡಿಗೆ ಮನೆ ಖಾಲಿ ಮಾಡಿ ಹೋದಂತೆ ಹೋಗಿತ್ತು. ಅರ್ಧ ಕೇಳುವವಳಿಗೆ ಪೂರ್ತಿ ಕೇಳುವವರ ಜೊತೆ ವಾದಿಸುವ ಹಕ್ಕೆಲ್ಲಿದೆ ಎಂಬ ಅಳುಕು ಹತ್ತಿತು. ಕೆಲವು ಭಾನುವಾರ ಹೋಗಲೇ ಇಲ್ಲ.

ವಿನಯ ಸುಮ್ಮನಿರಲಿಲ್ಲ. ಎರಡೂ ಕಡೆಯ ಸದ್ದು ಒಂದೇ ಸ್ಪೀಕರಿನಲ್ಲಿ ಬೆರೆತು ಬರುವಂತೆ ಏನೋ ತಂತಿ ಜೋಡಿಸಿ, ಆ ಸ್ಪೀಕರನ್ನು ನನ್ನ ಕುರ್ಚಿಯ ಬಲಕ್ಕೆ ಇಟ್ಟು, “ಅಕ್ಕ, ಎಲ್ಲಾ ರೆಡಿ, ಬಂದ್ಬಿಡಿ” ಎಂದು ಕರೆದ. ಹೋದೆ. ಎದೆ ತುಂಬಿ ಬಂತು. ಆದರೆ ಅವತ್ತು ಇನ್ನೊಂದು ವಿಚಿತ್ರ ನಡೆಯಿತು. “ಈ ಹಾಡು ಸ್ವಲ್ಪ ಉದ್ದವಾಯ್ತು” ಎಂದೆ. “ಔದು ಮೇಡಂ” ಎಂದರು ಮಂಜಣ್ಣ. ವಿನಯನ ಅಚ್ಚುಮೆಚ್ಚಿನ ಗಾಯಕ ಗೊಣಗುತ್ತಾನೆ ಎಂದೆ. “ಸ್ವಲ್ಪ ಗೊಣಗ್ತಾನೆ ಅಕ್ಕ” ಎಂದ ಆ ಹುಡುಗ. ಬೇಕೆಂದೇ, ಗಿಟಾರೇ ಇಲ್ಲದಿದ್ದರೆ ಈ ಬ್ಯಾಂಡು ಇನ್ನೂ ಚೆನ್ನಾಗಿರುತ್ತಿತ್ತು ಎಂದುಬಿಟ್ಟೆ. ಅದಕ್ಕೂ ಇಬ್ಬರೂ ತಲೆಯಾಡಿಸಿದರು. ಮೆಟ್ಟಿಲಿಳಿದು ಬರುವಾಗ ಮಂಜಣ್ಣನವರ ತಾಯಿ, “ಯಾಕವ್ವಾ, ಇವತ್ತು ಗಲಾಟೇನೇ ಇಲ್ಲ? ಮನೆಯೆಲ್ಲ ಸಪ್ಪಗೈತೆ” ಎಂದರು.

ದಾರಿಯುದ್ದಕ್ಕೂ ಅದೇ ಯೋಚನೆ. ಮನುಷ್ಯರು ಯಾರಿಗೆ ಎದುರು ಮಾತಾಡದೆ ಒಪ್ಪಿಬಿಡುತ್ತಾರೆ? ರೋಗಿಗೆ, ಮಗುವಿಗೆ, ಇನ್ನು ಹೆಚ್ಚು ದಿನ ಇರುವುದಿಲ್ಲ ಎನಿಸಿದವರಿಗೆ. ಕಿವಿ ಹೋದಾಗ ಅಳದವಳು ಹೆಬ್ಬಾಳದ ಸಿಗ್ನಲ್ಲಿನಲ್ಲಿ ಆಟೋದೊಳಗೆ ಅತ್ತೆ. ಅವರ ಪ್ರೀತಿ ನನಗೆ ಅರ್ಥವಾಗಿತ್ತು. ಆ ಪ್ರೀತಿಯೇ ನನ್ನನ್ನು ಕೂಟದಿಂದ ಮೆಲ್ಲನೆ ಆಚೆ ಕೂರಿಸಿತ್ತು.

ಮುಂದಿನ ಭಾನುವಾರ ಮಂಜಣ್ಣನವರ ಪ್ರಾಣಕ್ಕೆ ಪ್ರಾಣವಾದ ಆಲ್ಬಮ್ ಹಾಕಿದ್ದರು. ಈ ಸಲ ನಾನು ಕೆಣಕಲು ಹೇಳಿದ್ದಲ್ಲ, ನಿಜವಾಗಿ ಅನ್ನಿಸಿದ್ದನ್ನೇ ಹೇಳಿದೆ: “ಈ ಬ್ಯಾಂಡಿಗೆ ಎರಡು ಗಿಟಾರ್ ಯಾಕೆ ಮಂಜಣ್ಣ? ಇಬ್ಬರೂ ಒಂದನ್ನೇ ನುಡಿಸ್ತಾರೆ. ಒಬ್ಬನು ಸುಮ್ಮನೆ ನಿಂತಿದ್ದಾನೆ.”

ಇಬ್ಬರ ನುಡಿಕೆಯೂ ಬೆರೆತು ಒಂದೇ ಆಗಿ ಕೇಳುತ್ತಿದ್ದದ್ದು ಒಂದೇ ಕಿವಿಯ ನನಗೊಬ್ಬಳಿಗೆ ಮಾತ್ರ ಎಂದು ಅವರಿಗೆ ಗೊತ್ತು. ಅದನ್ನು ಹೇಳಬೇಕಾದರೆ ನನ್ನ ಕಿವಿಯ ಮಾತು ಎತ್ತಬೇಕು. ವಿನಯ ನೆಲ ನೋಡಿದ. ಮಂಜಣ್ಣನವರ ಮುಖ ಕೆಂಪಾಯಿತು. ಕೊನೆಗೆ ತಡೆಯಲಾಗಲಿಲ್ಲ.

“ಏನಮ್ಮಾ ಇಂಗಂತೀಯ! ಒಂದೇ ಕಿವಿ ಇಟ್ಕೊಂಡು ಎಲ್ಡ್ ಕಿವಿಯವರಷ್ಟು ತಪ್ಪು ಮಾತಾಡ್ತೀಯಲ್ಲ!”

“ಮಂಜಣ್ಣಾ…” ಎಂದು ವಿನಯ ತಡೆಯಲು ಹೋದ.

“ನೀನ್ ಸುಮ್ಕಿರೋ ಮಗಾ. ಆಲ್ಬಮ್ ಮೊದ್ಲಿಂದ ಹಾಕು. ಮೇಡಮ್ಮನ್ನ ಕೂರ್ಸ್ಬೇಕು.”

ಎಷ್ಟೋ ವಾರಗಳ ಮೇಲೆ ಯಾರೋ ನನ್ನನ್ನು ಬೈದಿದ್ದರು. ಆ ಸುಖವನ್ನು ಹೇಗೆ ಹೇಳಲಿ? ಮಂಜಣ್ಣ ತಮ್ಮ ಕುರ್ಚಿಯನ್ನು ಎಳೆದು ನನ್ನ ಎಡಕ್ಕೆ ಹಾಕಿಕೊಂಡರು. ಹಾಡು ಶುರುವಾಯಿತು. ಎಡಗಡೆಯ ಗಿಟಾರು ಬಂದಾಗಲೆಲ್ಲ, ಸರಿಯಾಗಿ ಅದರ ಲಯಕ್ಕೆ, ನನ್ನ ಕುರ್ಚಿಯ ಎಡತೋಳಿನ ಮೇಲೆ ಅಂಗೈಯಿಂದ ಬಡಿದರು. ಟೈಲ್ಸ್ ಎತ್ತಿ ಒರಟಾದ ಕೈ. ಮರದೊಳಗಿನಿಂದ ಅದು ನನ್ನ ಮೊಣಕೈಗೆ, ಅಲ್ಲಿಂದ ಭುಜಕ್ಕೆ ಬಂತು. ಬೇಸಿಗೆಯಲ್ಲಿ ಹೋದ ಗಿಟಾರು ತನ್ನ ಕಡೆಯಿಂದಲೇ ಮರಳಿ ಬರುತ್ತಿತ್ತು. ಅವರು ಕೊನೆಯ ಹಾಡಿನವರೆಗೂ ಕೈ ನಿಲ್ಲಿಸಲಿಲ್ಲ.

ಮುಗಿದಾಗ ಬೆವರೊರೆಸಿಕೊಂಡು, “ಈಗೇನಂತೀರಾ?” ಎಂದರು.

ನನ್ನ ಕಣ್ಣು ತುಂಬಿತ್ತು. ಈ ಮನುಷ್ಯನ ಉಪಕಾರಕ್ಕೆ ನಾನು ಏನು ಕೊಟ್ಟರೂ ಕಡಿಮೆಯೇ. ಇದ್ದುದರಲ್ಲಿ ಅತ್ಯುತ್ತಮವಾದದ್ದನ್ನೇ ಕೊಟ್ಟೆ.

“ಇಲ್ಲ ಮಂಜಣ್ಣ,” ಎಂದೆ, “ನಂಗಿನ್ನೂ ಹಿಡಿಸ್ಲಿಲ್ಲ.”